ಜ್ಞಾನಸ್ನಾನಕ್ಕೆ ಒಂದು ಲೆನ್ಸ್

ಉದ್ದದ ಲೆನ್ಸೇ ಬೇಕೆಂದು ಪಾಂಡೆಲಿಸ್ ಹಟ ಹಿಡಿದಿದ್ದ. ಅವನ ಅಕ್ಕ ಪೊಲಿಕ್ಸೇನಿಗೆ ಆಗಲೇ ಮೈ ಉರಿಯತೊಡಗಿತ್ತು.

"ಅಕ್ಕಾ, ಈ ಪೆಟ್ಟಿಗೆ ನೋಡು. ಕ್ಯಾಮೆರಾ ಒಂದು, ಲೆನ್ಸ್ ಎರಡು. ಈ ಉದ್ದದ್ದರಲ್ಲಿ ಸರೋವರದ ಆಚೆ ದಡದ ಬಾತುಕೋಳಿ ಕಣ್ಣೂ ಕಾಣುತ್ತೆ."

"ನಾನೇನು ಬಾತುಕೋಳಿಗೆ ಜ್ಞಾನಸ್ನಾನ ಮಾಡಿಸೋಕೆ ಹೊರಟಿದ್ದೀನೇನೋ?"

ಕ್ಯಾಮೆರಾ ಅಂಗಡಿಯ ಥ್ರಾಸೋಸ್ ನಗು ನುಂಗಿಕೊಂಡು ಗಾಜಿನ ಕಪಾಟು ಒರೆಸತೊಡಗಿದ.

ಕಸ್ತೋರಿಯಾದಲ್ಲಿ ತುಪ್ಪಳದ ಕೋಟು ಹೊಲಿಯುವ ಕಾರ್ಖಾನೆ ಮುಚ್ಚಿದ ಮೇಲೆ ಪೊಲಿಕ್ಸೇನಿ ಬೇಕರಿಯಲ್ಲಿ ಟ್ರೇ ತೊಳೆಯುತ್ತಿದ್ದಳು. ಆ ಕೆಲಸ ಅವಳಿಗೆ ಸಾಕಾಗಿತ್ತು. ಬೀದಿಯ ಹಳೆಯ ಫೋಟೋಗ್ರಾಫರ್ ಮಂಡಿನೋವಿನಿಂದ ಕೆಲಸ ಬಿಟ್ಟು ಮನೆಯಲ್ಲೇ ಕೂತಿದ್ದ. ಅವನ ಜಾಗ ತನಗೆ ಸಿಗಬೇಕೆಂಬುದೇ ಅವಳ ಆಸೆ. ಪಾದ್ರಿ ಗ್ರಿಗೋರಿಸ್ ಖಡಾಖಂಡಿತವಾಗಿ ಹೇಳಿದ್ದರು: "ಭಾನುವಾರದ ಜ್ಞಾನಸ್ನಾನದ ಫೋಟೋ ತೆಗೆದು ತೋರಿಸು. ಚೆನ್ನಾಗಿ ಬಂದ್ರೆ ಮದುವೆಯವರಿಗೆಲ್ಲ ನಿನ್ನ ಹೆಸರೇ ಹೇಳ್ತೀನಿ. ಆದ್ರೆ ಫ್ಲಾಶ್ ಹೊಡೆದ್ಯೋ, ಆಚೆ ಕಳಿಸ್ತೀನಿ. ಗೋಡೆ ಮೇಲಿನ ಹಳೇ ಚಿತ್ರಗಳು ಹಾಳಾಗ್ತವೆ."

ಅವತ್ತು ಜ್ಞಾನಸ್ನಾನವಾಗುವ ಮಗುವಿಗೆ ಧರ್ಮತಂದೆಯಾಗಿ ನಿಲ್ಲುವವನು ಪಾಂಡೆಲಿಸ್. ಅಕ್ಕನ ಹೆಸರಿನ ಸಂತಳ ಹಬ್ಬಕ್ಕೆ ಕ್ಯಾಮೆರಾ ಉಡುಗೊರೆ ಕೊಡುವವನೂ ಅವನೇ. ಹಾಗಾಗಿ ಲೆನ್ಸಿನ ವಿಷಯದಲ್ಲಿ ಕೊನೆಯ ಮಾತು ತನ್ನದೇ ಎಂದು ಅವನು ತಿಳಿದಿದ್ದ.

"ಜಗಳ ಇಲ್ಲಿ ಬೇಡ, ಮಹರಾಯ್ತಿ," ಎಂದ ಥ್ರಾಸೋಸ್. "ಈ ಪೆಟ್ಟಿಗೆ, ಜೊತೆಗೆ ಐವತ್ತರದ್ದು, ಮೂವತ್ತೈದರದ್ದು ಲೆನ್ಸು, ಎಲ್ಲಾನೂ ಚರ್ಚಿಗೇ ತಗೊಂಡು ಹೋಗಿ ಹಾಕಿ ನೋಡಿ. ಬೀಳಿಸಿದ್ರೆ ಮಾತ್ರ ನಿಮ್ಮದೇ."

ಆ ಚರ್ಚು ಒಂದು ಅಡುಗೆಮನೆಯಷ್ಟು ದೊಡ್ಡದು. ನೆಂಟರೆಲ್ಲ ಒಳಗೆ ಬಂದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಪೊಲಿಕ್ಸೇನಿ ಮೇಣದಬತ್ತಿ ಹಚ್ಚಿ, ತಮ್ಮನನ್ನು ಮಗುವನ್ನು ಮುಳುಗಿಸುವ ತಾಮ್ರದ ಹಂಡೆಯ ಪಕ್ಕ ನಿಲ್ಲಿಸಿ, ಉದ್ದದ ಲೆನ್ಸ್ ಹಾಕಿದಳು. ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿದರೂ ಬಂದದ್ದು ಅವನ ಮೂಗು, ಅದೂ ಅಲ್ಲಾಡಿದ ಮೂಗು.

"ಇಷ್ಟು ದೊಡ್ಡ ಮೂಗು ಯಾರದೋ?" ಎಂದಳು.

"ಅಪ್ಪನದು. ಮುಂದೆ ನೋಡು."

ಪೆಟ್ಟಿಗೆಯ ಮೋಟು ಲೆನ್ಸಿನಲ್ಲಿ ಹಂಡೆ, ಮನುಷ್ಯ ಎಲ್ಲ ಹಿಡಿಯಿತು. ಆದರೆ ಅದು ಒಳಬಿಡುವ ಬೆಳಕು ಸಾಲದು, ಕೈ ಎತ್ತಿದರೆ ಕೈಯಿದ್ದ ಕಡೆ ಹೊಗೆ. ಐವತ್ತು ಮಿಲಿಮೀಟರಿನದು ಬೆಳಕನ್ನು ಚೆನ್ನಾಗಿ ಕುಡಿಯಿತು, ಆದರೆ ಈ ಸಣ್ಣ ಕ್ಯಾಮೆರಾದಲ್ಲಿ ಅದೂ ಉದ್ದದ್ದರಂತೆ ತೀರಾ ಹತ್ತಿರ ತೋರಿಸಿತು: ಪಾಂಡೆಲಿಸ್ ಬಂದ, ಹಂಡೆ ಬರಲಿಲ್ಲ. ಕೊನೆಗೆ ಮೂವತ್ತೈದರದ್ದು. ಮೂರು ಹೆಜ್ಜೆ ದೂರದಿಂದ ಹಂಡೆಯೂ ಬಂತು, ಅವನೂ ಬಂದ, ಬತ್ತಿಯ ಬೆಳಕು ಅವನ ಕೆನ್ನೆಯ ಮೇಲೆ ನಿಂತಿತು.

"ಇದೇ. ಇದೊಂದೇ ಸಾಕು."

"ಅಕ್ಕಾ, ಇದು ಜಾಮ್ ಬಾಟ್ಲಿ ಮುಚ್ಚಳದ ಹಾಗಿದೆ! ಧರ್ಮತಂದೆ ಕರೆಸಿದ ಫೋಟೋಗ್ರಾಫರ್ ಇವಳೇನಾ ಅಂತ ಜನ ನಗಲ್ವಾ? ಅಷ್ಟು ಹತ್ತಿರ ನಿಂತ್ರೆ ಮಗೂಗೆ ಹಚ್ಚೋ ಎಣ್ಣೆನೂ ಹಾರುತ್ತೆ."

"ಹಾರ್ಲಿ. ನೀನು ಬಾಯಿ ಮುಚ್ಚು."

ಅವನು ಬಾಯಿ ಮುಚ್ಚಿ ಕ್ಯಾಮೆರಾದ ಜೊತೆ ಅದೊಂದನ್ನೇ ಕೊಡಿಸಿದ.

ಭಾನುವಾರ ಅವಳು ಹಂಡೆಗೆ ಅಂಟಿಕೊಂಡೇ ನಿಂತಳು. ಪಾಂಡೆಲಿಸ್ ಹೊಸ ಬಿಳಿ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಎರಡೂ ಅಂಗೈ ತುಂಬ ಆಲಿವ್ ಎಣ್ಣೆ ಸುರಿದುಕೊಂಡು, ಮಗುವಿನ ನೆತ್ತಿಯಿಂದ ಪಾದದವರೆಗೆ ತಿಕ್ಕಿದ. ಅವಳು ತೆಗೆದದ್ದೆಲ್ಲ ಚೊಕ್ಕವಾಗಿ ಬರುತ್ತಿತ್ತು. ಪಾದ್ರಿ ಮಗುವನ್ನು ಎತ್ತಿಕೊಂಡದ್ದೇ ತಡ, ಪಾಂಡೆಲಿಸ್‌ಗೆ ಉತ್ಸಾಹ ತಡೆಯಲಾಗಲಿಲ್ಲ.

"ಅಕ್ಕಾ, ಹೀಗಲ್ಲ, ಈ ಕಡೆಯಿಂದ!" ಎಂದು ಲೆನ್ಸನ್ನೇ ಮುಷ್ಟಿಯಲ್ಲಿ ಹಿಡಿದು ತಿರುಗಿಸಿದ.

ಅವಳು ಮತ್ತೊಂದು ತೆಗೆದು ನೋಡಿದಳು. ಮೇಣದಬತ್ತಿಗಳೆಲ್ಲ ಒಡೆದ ಮೊಟ್ಟೆಗಳಂತೆ ಹರಡಿಕೊಂಡಿದ್ದವು. ಮಗುವಿಗೆ ಮುಖವೇ ಇರಲಿಲ್ಲ. ಬದಲಿಸಲು ಬೇರೆ ಲೆನ್ಸ್ ಇಲ್ಲ, ಬೇಡವೆಂದವಳು ತಾನೇ.

"ಕತ್ತೆ!" ಎಂದು ಕಿರುಚಿದಳು. "ಎಣ್ಣೆ ಕೈಯಲ್ಲಿ ಗಾಜು ಮುಟ್ತೀಯಲ್ಲೋ, ಕತ್ತೆ!"

ಕತ್ತೆ ಎಂಬ ಮಾತು ಗುಮ್ಮಟದವರೆಗೆ ಹೋಗಿ ಮರಳಿ ಬಂತು. ಗ್ರಿಗೋರಿಸ್ ಮಗುವನ್ನು ನೀರಿನ ಮೇಲೆ ಹಿಡಿದುಕೊಂಡೇ ನಿಂತುಬಿಟ್ಟರು. ಅವಳು ಅಂಗಿಯ ತೋಳಿನಿಂದ ಲೆನ್ಸ್ ಒರೆಸಿದಳು, ಎಣ್ಣೆ ಇನ್ನಷ್ಟು ಹರಡಿತು. ಆಗ ತಮ್ಮನ ಹೆಗಲ ಟವೆಲನ್ನು ಸರಕ್ಕನೆ ಎಳೆದುಕೊಂಡು, ಗಾಜಿನ ಮೇಲೆ ಬಾಯಿಂದ ಹಬೆ ಬಿಟ್ಟು, ಒರೆಸಿ, ಮತ್ತೆ ಹಬೆ ಬಿಟ್ಟಳು.

"ಆಯ್ತೇನಮ್ಮಾ?" ಎಂದರು ಪಾದ್ರಿ. "ಮಗೂಗೆ ಚಳಿ ಆಗ್ತಿದೆ."

"ಆಯ್ತು, ಮುಳುಗಿಸಿ."

ಮುಳುಗಿಸಿದರು, ಎತ್ತಿದರು, ಮತ್ತೆ ಮುಳುಗಿಸಿದರು. ಮೂರನೆಯ ಸಲ ಮಗು ಮೇಲೆ ಬಂದು ಬಾಯಿ ತೆರೆದಾಗ ಅವಳ ಬೆರಳು ಕ್ಯಾಮೆರಾದ ಗುಂಡಿ ಒತ್ತಿತು.

ಹೊರಗೆ ಅಂಗಳದಲ್ಲಿ ಸಕ್ಕರೆ ಬಾದಾಮಿ ಹಂಚುತ್ತಿದ್ದಾಗ ಗ್ರಿಗೋರಿಸ್ ಕನ್ನಡಕ ಏರಿಸಿ ಕ್ಯಾಮೆರಾದ ಪರದೆ ನೋಡಿದರು. ಅಳುವ ಬಾಯಿ, ಗಲ್ಲದಿಂದ ತೊಟ್ಟಿಕ್ಕುವ ನೀರು, ಅವರದೇ ಒದ್ದೆ ಕೈ, ಹಿಂದೆ ಗೋಡೆಯ ಸಂತನ ಅರ್ಧ ಮುಖ. ಪೊಲಿಕ್ಸೇನಿ ಬಾದಾಮಿಯನ್ನು ಬಾಯಿಗೆ ಹಾಕಿಕೊಂಡಿದ್ದರೂ ಕಡಿಯಲಿಲ್ಲ.

"ಈ ಮೂಲೆಯಲ್ಲಿ ಏನೋ ಮಸುಕು ಇದೆಯಲ್ಲ?"

"ಅದು ಧರ್ಮತಂದೆ ಎಣ್ಣೆ ಬೆರಳು, ಫಾದರ್."

ಪಾಂಡೆಲಿಸ್ ಬಗ್ಗಿ ನೋಡಿದ. "ನನ್ನ ಮೂಗು ಬಂದಿಲ್ವಾ?"

"ಮುಂದಿನ ಶನಿವಾರ ಒಂದು ಮದುವೆ ಇದೆ," ಎಂದರು ಗ್ರಿಗೋರಿಸ್. "ನೀನೇ ಬಾ. ಆದ್ರೆ ಚರ್ಚಿನಲ್ಲಿ ಕತ್ತೆ ಅನ್ನಬೇಡ."

ಪೊಲಿಕ್ಸೇನಿ ಬಾದಾಮಿ ಕಡಿದಳು. "ಇವನು ಬರ್ತಾನಾ?"

"ವರನ ಗೆಳೆಯ, ಬರದೆ ಇರ್ತಾನಾ?"

"ಹಾಗಾದ್ರೆ ಫೋಟೋಗೆ ಮಾತು ಕೊಡ್ತೀನಿ, ಫಾದರ್. ನನ್ನ ಬಾಯಿಗೆ ಮಾತ್ರ ಕೊಡಲ್ಲ."