ಸುಡದ ಬಲ್ಬು

ಅಂಗಿಯ ಎಡ ಪಕ್ಕ ಹಿಡಿದು ಹೊಲಿದು, ಬಲ ಪಕ್ಕ ತಿರುಗಿಸುವಷ್ಟರಲ್ಲಿ ಟಪ್ಪೆಂದು ದೀಪ ಹೋಯಿತು. ಕಿಟಕಿಯಿಲ್ಲದ ಹೊಲಿಗೆ ಕೋಣೆ, ಹಾಡಹಗಲಲ್ಲೂ ಕತ್ತಲೆ. ಬೀದಿಗೆಲ್ಲ ದರ್ಜಿಯಮ್ಮ ಎನಿಸಿಕೊಂಡವಳು ಮೆಷಿನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ನಡುಮನೆಯಲ್ಲಿ ಗಂಡನ ಹೆಣ, ಸುತ್ತ ನೆಂಟರು. ಹನ್ನೊಂದಕ್ಕೆ ಗಾಡಿ ಬರುತ್ತದೆ. ಕಾಯಿಲೆಯಲ್ಲಿ ಸೊರಗಿ ಅರ್ಧವಾಗಿದ್ದ ಅವನಿಗೆ ಇದ್ದೊಂದು ಒಳ್ಳೆಯ ಕಂದು ಅಂಗಿ ಜೋಲುತ್ತಿತ್ತು. ಮೂವತ್ತು ವರ್ಷ ಕಂಡವರ ಬಟ್ಟೆಯೆಲ್ಲ ಅಳತೆಗೆ ಹೊಲಿದವಳ ಗಂಡ ದೊಗಳೆ ಅಂಗಿಯಲ್ಲಿ ಹೋಗುವುದೆಂದರೇನು?

“ಅಮ್ಮ, ಹೊರಗೆ ಬಂದು ಹೊಲಿ,” ಎಂದಳು ಮಗಳು ಬಾಗಿಲಲ್ಲಿ ನಿಂತು.

“ಅಷ್ಟು ಜನರ ಎದುರಿಗಾ? ಚಿಕ್ಕಪ್ಪನ್ನ ಕರಿ.”

ಮೈದುನ ಅಡುಗೆಮನೆಯ ಎಲ್‌ಇಡಿ ಬಲ್ಬನ್ನೇ ಬಿಚ್ಚಿಕೊಂಡು ಬಂದ. “ಸದ್ಯಕ್ಕೆ ಇದನ್ನ ಹಾಕ್ತೀನಿ ಅತ್ತಿಗೆ.”

“ಬೇಡ. ಆ ಬೆಳಕಲ್ಲಿ ಕಂದು ಬಟ್ಟೆ ಮೇಲೆ ನನ್ನ ಹೊಲಿಗೆ ನಂಗೇ ಕಾಣಲ್ಲ. ಹನ್ನೊಂದು ವರ್ಷ ಉರಿದಿದ್ದು, ಇವತ್ತೇ ಸುಟ್ಟುಹೋಗ್ಬೇಕಾ?”

ಬೆಳಗಿನಿಂದ ಅಳದವಳಿಗೆ ಒಂದು ಬಲ್ಬಿಗಾಗಿ ಅಳು ಬಂತು.

*

ಹನ್ನೊಂದು ವರ್ಷದ ಹಿಂದೆ ಗಂಡ ಒಂದು ಚೀಲ ಎಲ್‌ಇಡಿ ಬಲ್ಬು ತಂದಿದ್ದ. ಬಸ್ ಡಿಪೋದ ಉಗ್ರಾಣ ನೋಡಿಕೊಳ್ಳುತ್ತಿದ್ದವನು; ಮನೆಯಲ್ಲಿ ಬಳಕೆಗೆ ತೆಗೆದದ್ದರ ಮೇಲೆಲ್ಲ ಆ ದಿನದ ತಾರೀಕು ಬರೆಯದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಪೊರಕೆಗೂ ತಾರೀಕು, ಹಲ್ಲುಜ್ಜುವ ಬ್ರಶ್ಶಿಗೂ ತಾರೀಕು. ಒಂದೊಂದು ಬಲ್ಬಿನ ಬುಡದ ಮೇಲೂ ಬರೆದು, ಸ್ಟೂಲು ಹತ್ತಿ ಇಳಿದು, ಇಡೀ ಮನೆಗೆ ಹಾಕಿದ. ಕರೆಂಟ್ ಬಿಲ್ಲು ಅರ್ಧಕ್ಕಿಳಿಯಿತು. ಅದನ್ನು ಮಗಳ ಅಂಕಪಟ್ಟಿಯಂತೆ ಬಂದವರಿಗೆಲ್ಲ ತೋರಿಸಿದ.

ಹೊಲಿಗೆ ಕೋಣೆಯಲ್ಲಿ ಮಾತ್ರ ಅವನ ಆಟ ನಡೆಯಲಿಲ್ಲ.

“ನನ್ನ ಹಳದಿ ಬಲ್ಬಿನ ತಂಟೆಗೆ ಬರ್ಬೇಡಿ. ಆ ಬಿಳೀ ಬೆಳಕಲ್ಲಿ ಕಂದು ನೂಲೂ ಕಪ್ಪು ನೂಲೂ ಒಂದೇ ಥರ ಕಾಣ್ತವೆ.”

“ಆಯ್ತು ಮಾರಾಯ್ತಿ. ಇದೊಂದು ಸುಡೋವರೆಗೆ ಇರ್ಲಿ. ಆಮೇಲೆ ತಕರಾರು ಮಾಡ್ಬಾರ್ದು.”

ಅದು ಸುಡಲೇ ಇಲ್ಲ. ಅಡುಗೆಮನೆಯದು ಎರಡು ಸಲ ಕೆಟ್ಟಿತು, ಇದು ಜಪ್ಪಯ್ಯ ಅನ್ನಲಿಲ್ಲ. “ನಿಮ್ಮ ಎಲ್‌ಇಡಿ ನನ್ನ ಬಲ್ಬಿನ ಮುಂದೆ ಏನೇನೂ ಅಲ್ಲ,” ಎಂದು ಅವಳು ನೆಂಟರೆದುರೇ ಕಾಲೆಳೆಯುತ್ತಿದ್ದಳು. ಅವನು ತಲೆ ಕೆರೆದುಕೊಂಡು, “ಹಳೇ ಕಾಲದ ಮಾಲು, ಗಟ್ಟಿ,” ಎನ್ನುತ್ತಿದ್ದ. ವಾದದಲ್ಲಿ ಹಾಗೆ ಸುಲಭಕ್ಕೆ ಸೋಲುವ ಆಸಾಮಿಯಲ್ಲ ಅವನು. ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು.

*

ಮೈದುನ ಸುಟ್ಟ ಬಲ್ಬನ್ನು ಬಿಚ್ಚಿದ. ಮಗಳು ಮೊಬೈಲಿನ ಬೆಳಕು ಹಿಡಿದಳು.

“ಅಮ್ಮ, ಇದರ ಮೇಲೂ ಅಪ್ಪನ ಅಕ್ಷರ ಇದೆ. ಹೋದ ವರ್ಷದ ತಾರೀಕು.”

“ಹೋದ ವರ್ಷದ್ದು ಹೇಗಾಗುತ್ತೆ?”

ಮೈದುನ ನೆಲ ನೋಡಿದ. “ಹೇಳ್ಬಾರ್ದು ಅಂತ ಅಣ್ಣ ಮಾತು ತಗೊಂಡಿದ್ದ ಅತ್ತಿಗೆ. ಬಲ್ಬು ಸ್ವಲ್ಪ ಕಪ್ಪಾದ್ರೆ ಸಾಕು, ನೀವು ಬಟ್ಟೆ ಕೊಡೋಕೆ ಹೋದಾಗ ಬದಲಾಯಿಸಿಬಿಡ್ತಿದ್ದ. ಈ ಹಳೇ ಬಲ್ಬಿಗೋಸ್ಕರ ನನ್ನನ್ನ ಎಷ್ಟು ಅಂಗಡಿ ಸುತ್ತಿಸಿದಾನೆ ಗೊತ್ತಾ? ಹಾಸಿಗೆ ಹಿಡಿದ ಮೇಲೆ ನಂಗೆ ವಹಿಸಿದ್ದ. ನಾನೇ ಮರೆತೆ.”

ಅಟ್ಟದಿಂದ ಅವನು ಹಳೆಯ ಬೂಟಿನ ಡಬ್ಬಿ ಇಳಿಸಿದ. ಒಳಗೆ ಐದು ಬಲ್ಬು. ಒಂದೊಂದನ್ನೂ ಅವಳು ಕತ್ತರಿಸಿ ಎಸೆದ ಚಿಂದಿಯಲ್ಲೇ ಗಂಡ ಸುತ್ತಿಟ್ಟಿದ್ದ. ಮೇಲಿನದಕ್ಕೆ ಮಗಳ ಶಾಲೆಯ ಲಂಗದ ನೀಲಿ ತುಂಡು.

“ಸುಳ್ಳುಬುರುಕ,” ಎಂದಳು ದರ್ಜಿಯಮ್ಮ, ಕಣ್ಣೀರು ಕೆನ್ನೆಗಿಳಿಯುತ್ತಿತ್ತು. ಗಂಡನನ್ನು ಅಷ್ಟು ಪ್ರೀತಿಯಿಂದ ಅವಳು ಎಂದೂ ಬೈದಿರಲಿಲ್ಲ.

ಮೈದುನ ಹೊಸ ಬಲ್ಬು ಹಿಡಿದು ಸ್ಟೂಲು ಹತ್ತಿದ.

“ತಡಿ. ಅದನ್ನ ಇಲ್ಲಿ ಕೊಡು,” ಎಂದಳು. ಮಗಳ ಕಡೆ ತಿರುಗಿ, “ಅಪ್ಪನ ಪೆನ್ನು ತಗೊಂಡ್ಬಾ.”

ಪೆನ್ನು ಬಂತು. ಬಲ್ಬನ್ನು ಮಡಿಲಲ್ಲಿಟ್ಟುಕೊಂಡು, ಅದರ ಬುಡದ ಮೇಲೆ ಆ ದಿನದ ತಾರೀಕನ್ನು ಒಂದೊಂದೇ ಅಂಕಿಯಾಗಿ ಬರೆದಳು. ಶಾಯಿ ಒಣಗಲೆಂದು ಎರಡು ಸಲ ಊದಿದಳು.

“ಈಗ ಹಾಕು.”

ತಾರೀಕು ಹೋಲ್ಡರಿನೊಳಗೆ ಹೋಗಿ ಮರೆಯಾಯಿತು. ಹಳದಿ ಬೆಳಕು ಅಂಗಿಯ ಮೇಲೆ ಬಿತ್ತು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವಳು ತಲೆಯೆತ್ತದೆ ಬಲ ಪಕ್ಕವನ್ನು ಸೂಜಿಯ ಕೆಳಗಿಟ್ಟು ಮೆಷಿನ್ ತುಳಿದಳು.