ಒಂಬತ್ತರ ಬಲ

ಧಾರವಾಡದಿಂದ ಬಂದು ಅಮೆರಿಕದ ಕಮ್ಮಿಂಗ್ ಊರಿನಲ್ಲಿ ನೆಲೆಸಿದ್ದ ಸಿವಿಲ್ ಎಂಜಿನಿಯರ್ ರೇಣುಕಾದೇವಿ ೨೦೧೮ರಲ್ಲಿ ಯಾವ ಪಕ್ಷಕ್ಕೂ ಸೇರದೆ, ನಮ್ಮ ಜಿಲ್ಲಾ ಪಂಚಾಯಿತಿಯಂಥ ಕೌಂಟಿಯ ಚುನಾವಣೆಗೆ ನಿಂತಳು. ಮಕ್ಕಳು ಶಾಲೆಗೆ ನಡೆದು ಹೋಗಲು ರಸ್ತೆ ಪಕ್ಕ ಸೈಡ್‌ವಾಕ್, ಅಂದರೆ ಕಾಲುದಾರಿ, ಬೇಕೆಂದು ನಾಲ್ಕು ವರ್ಷ ಕೇಳಿದರೂ ಅಲ್ಲಿನ ಎರಡೂ ದೊಡ್ಡ ಪಕ್ಷದವರು ಕಿವಿಗೆ ಹಾಕಿಕೊಂಡಿರಲಿಲ್ಲ.

"ನೀ ಗೆಲ್ಲೂದಿಲ್ಲ, ಸುಮ್ನ ವೋಟ್ ಒಡೀತಿ. ನಮಗ ಬ್ಯಾಡಾದಾವ ಆರಿಸಿ ಬರ್ತಾನ," ಎಂದ ಗಂಡ ಕಲ್ಮೇಶ.

"ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ರ, ಮೊದಲಿನ ಇಬ್ಬರಿಗೆ ಮತ್ತ ಎಲೆಕ್ಷನ್ ಆಗ್ತೈತಿ. ಅಷ್ಟಾದ್ರ ನನಗ ಸಾಕು."

ಬೇಸಿಗೆಯೆಲ್ಲ ಅವಳು ಮನೆಮನೆ ಬಾಗಿಲು ತಟ್ಟಿದಳು. ನವೆಂಬರಿನಲ್ಲಿ ಅವಳಿಗೆ ಬಂದದ್ದು ನೂರಕ್ಕೆ ಒಂಬತ್ತು ಮತ. ಆದರೆ ಉಳಿದಿಬ್ಬರಲ್ಲಿ ಯಾರೂ ಅರ್ಧ ದಾಟಲಿಲ್ಲ.

ಆ ಶನಿವಾರ ಮಧ್ಯಾಹ್ನ ಅವರಲ್ಲಿ ಒಬ್ಬ ಅಭ್ಯರ್ಥಿ ಅವಳ ಮನೆಗೆ ಬಂದು ಚಹಾ ಕುಡಿಯುತ್ತಿರುವಾಗಲೇ ಇನ್ನೊಬ್ಬಳೂ ಬಂದಳು. ಮತ್ತೆ ನಡೆಯುವ ಚುನಾವಣೆಯಲ್ಲಿ ಗೆಲ್ಲಲು ಇಬ್ಬರಿಗೂ ಆ ಒಂಬತ್ತು ಬೇಕಿತ್ತು. ರೇಣುಕಾದೇವಿ ಇಬ್ಬರನ್ನೂ ಒಂದೇ ಸೋಫಾದಲ್ಲಿ ಕೂರಿಸಿ, ಚುರುಮುರಿ ಕೊಟ್ಟು, ಶಾಲೆಯ ರಸ್ತೆಯ ನಕ್ಷೆ ಹರಡಿದಳು. ಅವರು ಮುಖಮುಖ ನೋಡಿಕೊಂಡು, ಗೆದ್ದರೆ ಮೊದಲ ವರ್ಷವೇ ಸೈಡ್‌ವಾಕ್ ಕಟ್ಟಿಸುತ್ತೇವೆಂದು ಬರೆದು ಸಹಿ ಹಾಕಿದರು.

ಅವರು ಹೋದ ಮೇಲೆ ಕಲ್ಮೇಶ ಕೇಳಿದ, "ಈಗ ಯಾರಿಗೆ ಹಾಕ್ರಿ ಅಂತ ಹೇಳ್ತಿ?"

"ಯಾರು ಗೆದ್ರೂ ಕೆಲಸ ಆಗ್ತೈತಲ್ಲ. ಮಂದಿ ತಮಗ ಬೇಕಾದವ್ರಿಗೆ ಹಾಕ್ಲಿ," ಎಂದು ನಕ್ಕಳು.

ಮರುವರ್ಷ ಆಗಸ್ಟಿನಲ್ಲಿ ಶಾಲೆ ತೆರೆದಾಗ ಮಕ್ಕಳು ಹೊಸ ಕಾಂಕ್ರೀಟಿನ ಮೇಲೆ ಸಾಲಾಗಿ ನಡೆದರು. ಅವರ ಹಿಂದೆ ಹೊರಟ ಕಲ್ಮೇಶ, "ಇದನ್ನ ಕಟ್ಟಿಸಿದಾಕಿ ನನ್ನ ಹೆಂಡ್ತಿ," ಎಂದು ಎದುರು ಸಿಕ್ಕ ಕನ್ನಡದವರಿಗೆಲ್ಲ ಹೇಳುತ್ತ ಹೋದ.