ಕೆಂಪು ವಿಮಾನದ ತಂತಿಗಳು

ಹೆಂಡತಿ ಫುಮಿ ತೀರಿಕೊಂಡು ವರ್ಷ ತುಂಬಲು ಇನ್ನು ಕೆಲವೇ ವಾರ ಉಳಿದಿದ್ದವು. ವಿಮಾನದ ಎಲ್ಲ ಕೆಲಸವೂ ಮುಗಿದು ತಂತಿ ಕಟ್ಟುವುದೊಂದು ಬಾಕಿ ಇತ್ತು. ಆ ಒಂದು ಕೆಲಸ ಮಾತ್ರ ತೋಕಿಜಿಗೆ ಬರುತ್ತಿರಲಿಲ್ಲ.

ಜಪಾನಿನ ಶಿಜುಓಕಾ ಊರಿನ ಅನೇಕ ಗಂಡಸರಿಗೆ ಇರುವ ಹುಚ್ಚು ಅವನಿಗೂ ಇತ್ತು. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಅಂಗೈ ಮೇಲೆ ನಿಲ್ಲುವಂಥ ವಿಮಾನ ಮಾಡುವುದು. ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೆಲಸಕ್ಕಿದ್ದಾಗಲೂ ಮಾಡುತ್ತಿದ್ದ, ನಿವೃತ್ತನಾದ ಮೇಲೂ ಮಾಡುತ್ತಿದ್ದ. ಒಂದರ ಮೇಲೊಂದು ಎರಡು ರೆಕ್ಕೆಯಿರುವ ಹಳೆಯ ಕಾಲದ ವಿಮಾನಗಳೆಂದರೆ ಅವನಿಗೆ ಪ್ರಾಣ. ಅಂಥ ವಿಮಾನದ ರೆಕ್ಕೆಗಳನ್ನು ಬಿಗಿದು ನಿಲ್ಲಿಸುವುದು ಅವುಗಳ ನಡುವೆ ಅಡ್ಡಡ್ಡ ಎಳೆದ ಉಕ್ಕಿನ ತಂತಿಗಳು. ಮಾದರಿಯಲ್ಲಿ ಆ ತಂತಿ ಇರಲೇಬೇಕು, ಆದರೆ ಕಂಡೂ ಕಾಣದಂತಿರಬೇಕು. ಅವನ ವಿಮಾನಗಳ ತಂತಿಯನ್ನು ಮದುವೆಯಾದ ಹೊಸದರಿಂದಲೂ ಫುಮಿಯೇ ಕಟ್ಟುತ್ತಿದ್ದಳು. ಊರಿನ ಮಾದರಿಗಾರರ ಕ್ಲಬ್ಬಿನವರಿಗೆಲ್ಲ ಅದು ಗೊತ್ತಿತ್ತು. ಮೇ ತಿಂಗಳ ಪ್ರದರ್ಶನದಲ್ಲಿ ಜನ ಬಗ್ಗಿ ನೋಡುತ್ತಿದ್ದುದು ತೋಕಿಜಿಯ ಬಣ್ಣವನ್ನಲ್ಲ, ಫುಮಿಯ ತಂತಿಯನ್ನು.

ಹೋದ ವರ್ಷ ಮಾದರಿ ಅಂಗಡಿಯ ಕೆಳಗಿನ ಹಲಗೆಯಿಂದ ಈ ವಿಮಾನದ ಪೆಟ್ಟಿಗೆಯನ್ನು ಎಳೆದವಳೂ ಅವಳೇ. ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಹುಡುಗರು ಹಾರಲು ಕಲಿಯುತ್ತಿದ್ದ ವಿಮಾನ. ಬಣ್ಣ ಕಿತ್ತಳೆಯದಾದರೂ ಆ ಕಾಲದ ಜನ ಅದನ್ನು ಕೆಂಪು ಏರೋಪ್ಲೇನ್ ಚಿಟ್ಟೆ ಎಂದೇ ಕರೆಯುತ್ತಿದ್ದರು.

"ಯಾವಾಗ ನೋಡಿದ್ರೂ ಪಾಚಿ ಬಣ್ಣ, ಕೆಸರು ಬಣ್ಣ" ಎಂದಿದ್ದಳು. "ಇದೊಂದು ಮಾಡಿ. ಕಪಾಟಿಗೆ ಒಂದು ಕಳೆ ಬರಲಿ. ತಂತಿ ನಾನು ಕಟ್ತೀನಿ."

ಅವನು ದೇಹದ ಎರಡು ಹೋಳುಗಳನ್ನು ಅಂಟಿಸುವಷ್ಟರಲ್ಲಿ ಮಳೆಗಾಲ ಹಿಡಿಯಿತು. ಒಂದು ಬೆಳಗ್ಗೆ ಅಕ್ಕಿ ತೊಳೆಯುತ್ತಿದ್ದವಳು ಹಾಗೇ ಕುಸಿದಳು. ಮತ್ತೆ ಏಳಲಿಲ್ಲ. ಬೂದಿ ಮನೆಗೆ ಬಂದ ದಿನ ತೋಕಿಜಿ ಮನೆಯ ಬುದ್ಧಪೀಠದ ಮುಂದೆ ಕುಳಿತು, ವರ್ಷಾಬ್ದಿಕಕ್ಕೆ ಆ ವಿಮಾನವನ್ನು ನಿನ್ನ ಮುಂದೆ ಇಡುತ್ತೇನೆ ಎಂದು ಹೇಳಿದ. ಸತ್ತವರಿಗೆ ಕೊಟ್ಟ ಮಾತು ಬದುಕಿದ್ದವರಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಎಂದು ನಂಬಿದ ಮನೆತನ ಅವನದು. ದಿನಾ ಬೆಳಗ್ಗೆ ಮೊದಲ ಅನ್ನ, ಮೊದಲ ಚಹಾ ಅವಳಿಗೆ ಇಟ್ಟೇ ಅವನು ತಾನು ತಿನ್ನುತ್ತಿದ್ದ.

ಅಚ್ಚು ಹಳೆಯದು. ರೆಕ್ಕೆಯ ಹಿಂದಿನ ಅಂಚು ಚಾಕುವಿನ ಬೆನ್ನಿನಷ್ಟು ದಪ್ಪವಿತ್ತು. ಅವನು ಒಳಗಡೆಯಿಂದ ಉಜ್ಜುತ್ತ ಉಜ್ಜುತ್ತ, ದೀಪಕ್ಕೆ ಹಿಡಿದರೆ ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿದ. ಬಟ್ಟೆ ಹೊದಿಸಿದ ರೆಕ್ಕೆಯ ಮೇಲೆ ಕಡ್ಡಿಗಳ ಉಬ್ಬು ಉಪವಾಸ ಬಿದ್ದ ನಾಯಿಯ ಪಕ್ಕೆಲುಬಿನ ಹಾಗಿತ್ತು. ಅದನ್ನೂ ತಗ್ಗಿಸಿದ. ಎರಡು ರೆಕ್ಕೆಗಳ ನಡುವಿನ ಪ್ಲಾಸ್ಟಿಕ್ ಕಂಬಗಳನ್ನು ಎಸೆದು ಹಿತ್ತಾಳೆ ಕಡ್ಡಿಯನ್ನು ಸುತ್ತಿಗೆಯಿಂದ ಬಡಿದು ಹೊಸ ಕಂಬ ಮಾಡಿದ. ಚಹಾಪುಡಿಯ ಪೊಟ್ಟಣದ ಒಳಹಾಳೆಯನ್ನು ಕತ್ತರಿಸಿ ಮುಂದಿನ ಆಸನಕ್ಕೂ ಹಿಂದಿನ ಆಸನಕ್ಕೂ ಸೊಂಟಪಟ್ಟಿ ಮಾಡಿದ. ತಂತಿ ಹೋಗುವ ಕಡೆಯಲ್ಲೆಲ್ಲ ಸೂಜಿಯಷ್ಟು ಸಣ್ಣ ತೂತು ಕೊರೆದು ಆಮೇಲೆ ಬಣ್ಣ ಹೊಡೆದ. ಇದೆಲ್ಲ ಚೆನ್ನಾಗಿಯೇ ಆಯಿತು.

ತಂತಿಯ ಹೊತ್ತಿಗೆ ಕೈ ಸೋತಿತು. ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಕಾಯಿಸಿ ಎಳೆದರೆ ನೂಲಾಗುತ್ತದೆ. ಫುಮಿಗೂ ಮೊದಲು ಅವನೇ ಕಲಿಸಿದ್ದು ಅದನ್ನು. ಆದರೆ ಅವನು ಎಳೆದ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣಕಲು. ಅವಳು ಅಷ್ಟು ಸಮವಾಗಿ ಹೇಗೆ ಎಳೆಯುತ್ತಿದ್ದಳೋ ಅವನು ನೋಡಿರಲಿಲ್ಲ. "ಆಚೆ ಹೋಗಿ, ನೀವು ಉಸಿರು ಬಿಟ್ರೆ ಎಲ್ಲಾ ಅಲ್ಲಾಡತ್ತೆ" ಎಂದು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವನು ಆಚೆ ಹೋಗುತ್ತಿದ್ದ. ಸಂಜೆ ಬರುವಾಗ ತಂತಿ ಇರುತ್ತಿತ್ತು.

ಕ್ಲಬ್ಬಿನ ಶಿರಾಯಿ ಒಂದು ದಿನ ಮೀನು ಅರೆದು ಬೇಯಿಸಿದ ಕಪ್ಪು ಬಿಲ್ಲೆಗಳ ಪೊಟ್ಟಣ ಹಿಡಿದುಕೊಂಡು ಬಂದ. ಅವನೂ ತೋಕಿಜಿಯೂ ಒಂದೇ ಶಾಲೆಯಲ್ಲಿ ಓದಿದವರು. ತೋಕಿಜಿ ತನ್ನ ನೂಲನ್ನೇ ಕಟ್ಟಿ ಮೇಜಿನ ಮೇಲೆ ಇಟ್ಟಿದ್ದ ವಿಮಾನವನ್ನು ಕನ್ನಡಕ ಏರಿಸಿ ನೋಡಿದ.

"ಏನಯ್ಯಾ ಇದು? ಬಟ್ಟೆ ಒಣಹಾಕೋ ಹಗ್ಗವಾ? ಚಡ್ಡಿ ಗಿಡ್ಡಿ ಎಲ್ಲಿ?"

"ಬಾಯಿ ಮುಚ್ಕೊಂಡು ಚಹಾ ಕುಡಿ."

"ಅಲ್ಲ, ರೆಕ್ಕೆ ಎಷ್ಟು ತೆಳ್ಳಗೆ ಮಾಡಿದೀಯ, ಬಣ್ಣ ನೋಡಿದ್ರೆ ಸಿಪ್ಪೆ ಸುಲಿದು ತಿನ್ನೋಣ ಅನ್ಸತ್ತೆ. ಅದರ ಮೇಲೆ ಈ ಹಗ್ಗ. ಫುಮಿ ಅವರು ನೋಡಿದ್ರೆ ಎದ್ದು ಬಂದು ಕೈಮೇಲೆ ಹೊಡೀತಾರೆ."

"ಬಂದು ಹೊಡೀಲಿ" ಎಂದ ತೋಕಿಜಿ.

ಶಿರಾಯಿ ಚಹಾದ ಬಟ್ಟಲು ಕೆಳಗಿಟ್ಟ. ಆಮೇಲೆ ಜೇಬಿನಿಂದ ಒಂದು ಸಣ್ಣ ಉಂಡೆ ತೆಗೆದಿಟ್ಟ. ಅಂಗಡಿಯಲ್ಲಿ ಸಿಗುವ ಹಿಗ್ಗುವ ದಾರ, ಅತಿ ತೆಳ್ಳನೆಯದು. "ಈಗೆಲ್ಲ ಇದೇ ಕಣೋ. ಒಂದು ಮಧ್ಯಾಹ್ನ ಕೂತ್ರೆ ಮುಗೀತು. ವರ್ಷಾಬ್ದಿಕಕ್ಕೆ ಆರಾಮಾಗಿ ಆಗತ್ತೆ. ಹಟ ಮಾಡ್ಬೇಡ."

ಹಟವಲ್ಲ. ಅವಳ ಮುಂದೆ ಇಡುವುದನ್ನು ಅವಳು ಕಟ್ಟುತ್ತಿದ್ದ ಹಾಗೇ ಕಟ್ಟಬೇಕೆಂದು ತೋಕಿಜಿಯ ಆಸೆ. ಅದಕ್ಕೆ, ಅವಳು ಎಳೆದ ನೂಲನ್ನು ಸರಿಯಾಗಿ ನೋಡೋಣವೆಂದು, ಮಾರನೆಯ ದಿನ ಊಟವಾದ ಮೇಲೆ ಕಪಾಟಿನಿಂದ ಒಂದು ಇಂಗ್ಲಿಷ್ ವಿಮಾನವನ್ನು ಕೆಳಗಿಳಿಸಿದ. ಅದು ಅವಳು ಕೊನೆಯದಾಗಿ ತಂತಿ ಕಟ್ಟಿದ್ದು. ಹೊರಗೆ ಮಳೆ ಹಿಡಿದಿತ್ತು. ತಂತಿಗಳೆಲ್ಲ ಒಂದಿಷ್ಟು ಜೋತಿದ್ದವು. ಪ್ರತಿ ಮಳೆಗಾಲದಲ್ಲೂ ಹೀಗೇ. ಅವನು ಗೊಣಗಿದರೆ ಫುಮಿ, "ಇರಲಿ ಬಿಡಿ, ಮುಟ್ಬೇಡಿ, ಒಣ ಗಾಳಿ ಬಂದ್ರೆ ತಾನೇ ಸರಿಹೋಗತ್ತೆ" ಎನ್ನುತ್ತಿದ್ದಳು. ಈ ಸಲ ಬೇಡವೆನ್ನುವವರು ಇರಲಿಲ್ಲ.

ಜೋತ ನೂಲನ್ನು ಬಿಗಿ ಮಾಡುವ ಉಪಾಯ ಈ ಊರಿನ ಯಾವ ಮಾದರಿಗಾರನನ್ನು ಕೇಳಿದರೂ ಹೇಳುತ್ತಾನೆ. ಊದುಬತ್ತಿ ಹಚ್ಚಿ ಅದರ ಕೆಂಡವನ್ನು ನೂಲಿನ ಹತ್ತಿರ ಹಿಡಿಯಬೇಕು, ತಾಗಿಸಬಾರದು. ಬಿಸಿಗೆ ಪ್ಲಾಸ್ಟಿಕ್ ಕುಗ್ಗಿ ನೂಲು ತಟ್ಟನೆ ಬಿಗಿಯುತ್ತದೆ. ತೋಕಿಜಿ ಬುದ್ಧಪೀಠದ ಡಬ್ಬಿಯಿಂದ ಒಂದು ಊದುಬತ್ತಿ ತೆಗೆದು, ಕೈಮುಗಿದು, ಅಲ್ಲಿನ ಮೇಣದಬತ್ತಿಯಿಂದಲೇ ಹಚ್ಚಿಕೊಂಡ. ಮೇಲಿನ ರೆಕ್ಕೆಯ ಮೊದಲ ತಂತಿಯ ಬಳಿ ಕೆಂಡ ತಂದ. ತಂತಿ ಬಿಗಿಯಲಿಲ್ಲ. ಇನ್ನೂ ಸ್ವಲ್ಪ ಹತ್ತಿರ ತಂದ.

ತಂತಿ ಚುರ್ ಎಂದು ಸುರುಟಿ, ತುದಿ ಸಣ್ಣ ಮಣಿಯಾಗಿ, ಕಡಿದುಹೋಯಿತು. ವಾಸನೆ ಬಂತು. ಅದು ಪ್ಲಾಸ್ಟಿಕ್ಕಿನ ವಾಸನೆಯಲ್ಲ. ಕೂದಲು ಸುಟ್ಟ ವಾಸನೆಯನ್ನು ಯಾರೂ ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ.

ಅವನು ಊದುಬತ್ತಿಯನ್ನು ಬೂದಿಪಾತ್ರೆಯಲ್ಲಿ ನೆಟ್ಟು ಬಂದು ಭೂತಗನ್ನಡಿ ಹಿಡಿದ. ಉಳಿದ ತಂತಿಗಳು ಬಿಳಿ ಕೂದಲು. ತೇವಕ್ಕೆ ಜೋತು ಒಣ ಗಾಳಿಗೆ ಬಿಗಿಯುತ್ತಿದ್ದುದು ಅದಕ್ಕೇ. ಕಪಾಟಿನಿಂದ ಒಂದೊಂದೇ ವಿಮಾನ ಇಳಿಸಿ ನೋಡಿದ. ಮೊದಮೊದಲ ಒಂದೆರಡರಲ್ಲಿ ಅವನು ಕಲಿಸಿದ ಪ್ಲಾಸ್ಟಿಕ್ ನೂಲೇ ಇತ್ತು. ಮಗಳು ಚಿಗುಸಾ ಹುಟ್ಟಿದ ವರ್ಷದ್ದರಿಂದ ಮುಂದೆ ಕಪ್ಪು ಕೂದಲು. ನಡುವಿನವುಗಳಲ್ಲಿ ಕಪ್ಪು ಬಿಳಿ ಬೆರೆತಿದ್ದವು. ಕಣ್ಣಿಗೆ ಹೊಡೆಯದಂತೆ ಬಿಳಿಯದನ್ನು ಒಳಗಿನ ಸಾಲಿಗೆ ಹಾಕಿದ್ದಳು. ಆಮೇಲಿನವು ಪೂರ್ತಿ ಬಿಳಿ. ಅವು ಪ್ರದರ್ಶನಕ್ಕೆ ಹೋದಾಗ, ಉಕ್ಕಿನ ಹೊಳಪು ಈಗ ಬಂತು ನೋಡಿ ಎಂದು ಜನ ಹೊಗಳಿದ್ದರು. ಅವನು ಮನೆಗೆ ಬಂದು ಹೇಳಿದಾಗ ಫುಮಿ ನಕ್ಕು, "ವಯಸ್ಸಾಯ್ತಲ್ಲ" ಎಂದಿದ್ದಳು. ವಯಸ್ಸಿನೊಂದಿಗೆ ಕೈ ಪಳಗಿತು ಎನ್ನುತ್ತಿದ್ದಾಳೆಂದು ಅವನು ತಿಳಿದಿದ್ದ.

ಶನಿವಾರ ಚಿಗುಸಾ ಫುಜಿಯೇದ ಊರಿನ ತನ್ನ ಮನೆಯಿಂದ ಬಂದಳು. ಅವನು ವಿಮಾನ ತೋರಿಸಿದ.

"ನಿಮಗೆ ಗೊತ್ತಿರ್ಲಿಲ್ವಾ ಅಪ್ಪ?" ಎಂದಳು. "ಬಾಚಣಿಗೇಲಿ ಬಂದದ್ರಲ್ಲಿ ಉದ್ದದ್ದು ಆರಿಸಿ, ಸೋಪಲ್ಲಿ ತೊಳೆದು, ಅಡುಗೆಮನೆ ಕ್ಯಾಲೆಂಡರ್ ಹಿಂದೆ ಅಂಟಿಸಿಡ್ತಿದ್ರು ಅಮ್ಮ. ಸಾಲಾಗಿ. ನಾನು ಚಿಕ್ಕೋಳಿದ್ದಾಗ ಅದನ್ನ ನೋಡಿ ಹೆದರಿಕೊಂಡಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕ್ಲಬ್ಬಲ್ಲಿ ಡಂಗುರ ಹೊಡೀತೀರಿ, ಆಮೇಲೆ ಪ್ರದರ್ಶನದಲ್ಲಿ ಎಲ್ಲರೂ ಅಮ್ಮನ ತಲೆ ನೋಡ್ತಾರೆ. ಅದಕ್ಕೆ. ನೀವೂ ಕೇಳ್ಲಿಲ್ಲ ಬಿಡಿ."

ತೋಕಿಜಿ ಅಡುಗೆಮನೆಯ ಗೋಡೆ ನೋಡಿದ. ಅಲ್ಲಿ ಹೊಸ ಕ್ಯಾಲೆಂಡರ್ ಇತ್ತು. ಹಳೆಯದನ್ನು ಹೊಸ ವರ್ಷದ ಹಿಂದಿನ ದಿನ ಕಿತ್ತು ಕಾಗದದ ಕಸಕ್ಕೆ ಕಟ್ಟಿಟ್ಟವನು ಅವನೇ. ಹಿಂದೆ ತಿರುಗಿಸಿ ನೋಡಿರಲಿಲ್ಲ.

ಚಿಗುಸಾ ತನ್ನ ತಲೆಯಿಂದ ಒಂದು ಕೂದಲು ಕಿತ್ತು ಅವನ ಮುಂದೆ ಹಿಡಿದಳು. ಪಾರ್ಲರಿನಲ್ಲಿ ಗುಂಗುರು ಮಾಡಿಸಿ ಕಂದು ಬಣ್ಣ ಹಾಕಿಸಿದ್ದ ಕೂದಲು.

"ಸ್ಪ್ರಿಂಗ್ ಹಾಗಿದೆಯಲ್ಲಮ್ಮ" ಎಂದ ಅವನು. "ಇದನ್ನ ಕಟ್ಟಿದ್ರೆ ರೆಕ್ಕೆ ಕುಣಿಯತ್ತೆ."

ಇಬ್ಬರೂ ನಕ್ಕರು. ಆಮೇಲೆ ಅವಳು ಎದ್ದುಹೋಗಿ ಪಾತ್ರೆ ತೊಳೆದಳು.

ಹಳೆಯ ವಿಮಾನಗಳಿಂದ ಫುಮಿಯ ಕೂದಲು ಬಿಚ್ಚಿ ಇದಕ್ಕೆ ಕಟ್ಟುವ ಮಾತೇ ಇರಲಿಲ್ಲ. ಶಿರಾಯಿಯ ದಾರ ಇತ್ತು, ದಿನವೂ ಸಾಕಷ್ಟಿತ್ತು. ತೋಕಿಜಿ ಆ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತ. ಅದನ್ನು ಕಟ್ಟಿದರೆ ಮಾತು ಉಳಿಯುತ್ತದೆ. ಆದರೆ ಅವಳು ತಲೆಯಿಂದ ಬಿಡಿಸಿ ಕೊಟ್ಟಿದ್ದಳು. ಅಂಗಡಿಯದನ್ನು ಕಟ್ಟಿ ಅವಳ ಮುಂದೆ ಇಟ್ಟು, ಆಯಿತು ಎಂದು ಹೇಗೆ ಹೇಳುವುದು? ಉಂಡೆ ಡ್ರಾಯರಿಗೆ ಹೋಯಿತು. ತಾನು ಕಟ್ಟಿದ್ದ ನೂಲನ್ನೂ ಬಿಚ್ಚಿ ತೆಗೆದ.

ವರ್ಷಾಬ್ದಿಕದ ದಿನ ಭಿಕ್ಷು ಬಂದು ಸೂತ್ರ ಪಠಿಸಿ ಚಹಾ ಕುಡಿದು ಹೋದರು. ಬುದ್ಧಪೀಠದ ಮುಂದೆ ಕಿತ್ತಳೆ ಬಣ್ಣದ ವಿಮಾನ ಬರಿಯ ತೂತುಗಳೊಂದಿಗೆ ನಿಂತಿತ್ತು.

"ಮುಗಿದಿಲ್ಲ" ಎಂದು ತೋಕಿಜಿ ಗಟ್ಟಿಯಾಗಿಯೇ ಹೇಳಿದ. "ಮಾತು ತಪ್ಪಿದೆ. ಸ್ವಲ್ಪ ತಡಿ."

ಹಿಂದೆ ಕುಳಿತಿದ್ದ ಶಿರಾಯಿ ಮೆಲ್ಲಗೆ, "ನನ್ನ ದಾರ ಏನಾಯ್ತೋ?" ಎಂದ.

"ಡ್ರಾಯರಲ್ಲಿದೆ. ವಾಪಸ್ ತಗೊಂಡು ಹೋಗು."

ಅವತ್ತಿನಿಂದ ತೋಕಿಜಿ ಕ್ಷೌರದಂಗಡಿಗೆ ಹೋಗುವುದನ್ನು ಬಿಟ್ಟ. ತಲೆಯ ನಡುಭಾಗ ಎಂದೋ ಬಯಲಾಗಿತ್ತು. ಕಿವಿಯ ಮೇಲೂ ಕತ್ತಿನ ಹಿಂದೂ ಇದ್ದದ್ದು ಬೆಳೆಯಿತು. ಮಳೆಯ ಹಿಂದೆ ಬರುವ ಬೇಸಿಗೆ ಕಳೆಯಿತು, ಸತ್ತವರನ್ನು ನೆನೆಯುವ ಹಿಗನ್ ಹಬ್ಬಕ್ಕೆ ಸಮಾಧಿಗೆ ಹೂವಿಟ್ಟು ಬಂದದ್ದಾಯಿತು, ಕೂದಲು ಅಂಗಿಯ ಕಾಲರ್ ಮುಟ್ಟಿತು. ಚಿಗುಸಾ ಫೋನ್ ಮಾಡಿ, "ಅಪ್ಪ, ನಿಮ್ಮ ಪಕ್ಕದ ಮನೆಯವ್ರು ನನಗೆ ಫೋನ್ ಮಾಡಿ ಕೇಳ್ತಿದಾರೆ, ನಿಮಗೆ ತಲೆ ಕೆಟ್ಟಿದೆಯಾ ಅಂತ. ಏನು ಹೇಳ್ಲಿ?" ಎಂದಳು.

"ತಲೆ ಬೆಳೀತಿದೆ ಅಂತ ಹೇಳು."

ಶಿರಾಯಿಗಂತೂ ಹಬ್ಬ. "ದುಃಖ ಆದವ್ರು ತಲೆ ಬೋಳಿಸಿ ದೇವಸ್ಥಾನ ಸೇರ್ತಾರೆ. ನೀನು ಜಡೆ ಬಿಟ್ಟು ಯಾವ ನಾಟಕ ಕಂಪನಿ ಸೇರ್ತೀಯೋ?" ಎಂದು ಕ್ಲಬ್ಬಿನಲ್ಲಿ ಎಲ್ಲರೆದುರು ಕೇಳಿದ.

ಚಳಿ ಬಂದು ಗಾಳಿ ಒಣಗಿದ ಮೇಲೆ ಕ್ಷೌರದ ಕುಮೆಯ ಅಂಗಡಿಗೆ ಹೋಗಿ ಕುಳಿತ. ಕಿವಿಯ ಹಿಂದಿನದನ್ನು ಬಾಚಿ, ಬುಡಕ್ಕೆ ಕತ್ತರಿಸಿ, ಕೆಳಗೆ ಬೀಳಿಸದೆ ಕಾಗದದಲ್ಲಿ ಕೊಡಬೇಕೆಂದ.

"ಮೊಮ್ಮಗಳಿಗೆ ಕೂದಲಿನ ಬರೆಯೋ ಕುಂಚ ಮಾಡಿಸೋಕಾ?" ಎಂದ ಕುಮೆ.

"ವಿಮಾನಕ್ಕೆ."

ಕುಮೆ ಕನ್ನಡಿಯಲ್ಲಿ ಅವನ ಮುಖ ನೋಡಿ, ಮತ್ತೆ ಕೇಳದೆ ಕತ್ತರಿಸಿದ.

ಮನೆಯಲ್ಲಿ ಕೂದಲನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ನೆಟ್ಟಗಿದ್ದವನ್ನು ಆರಿಸಿದ. ಒಂದು ತುದಿಯನ್ನು ಮೇಲಿನ ರೆಕ್ಕೆಯ ತೂತಿಗೆ ತೂರಿಸಿ ಅಂಟಿನ ಹನಿ ಹಾಕಿ ಕಾದ. ಇನ್ನೊಂದು ತುದಿಯನ್ನು ಕೆಳಗಿನ ರೆಕ್ಕೆಯಲ್ಲಿ ತೂರಿಸಿ, ಅದು ಬಿಗಿಯಾಗಿ ನಿಲ್ಲಲೆಂದು ಬಟ್ಟೆಯ ಕ್ಲಿಪ್ ನೇತುಹಾಕಿದ. ಕೂದಲು ಕಡಿದುಹೋಯಿತು. ಕ್ಲಿಪ್ ಬಿಟ್ಟು ಸೂಜಿ ನೇತುಹಾಕಿದ. ನಿಂತಿತು. ಎರಡನೆಯದನ್ನು ಕಟ್ಟುವಾಗ ಸಮಾಧಾನದ ಉಸಿರು ಬಿಟ್ಟ. ಕೂದಲು ಹಾರಿಹೋಗಿ ಚಾಪೆಯ ಮೇಲೆ ಎಲ್ಲಿ ಬಿತ್ತೋ ಸಿಗಲಿಲ್ಲ. ಮೂಗು ಬಾಯಿಗೆ ಕೈವಸ್ತ್ರ ಕಟ್ಟಿಕೊಂಡು ಮತ್ತೆ ಕುಳಿತ. ಒಂದು ಇಡೀ ಬೆಳಗಿನಲ್ಲಿ ಕಟ್ಟಲಾದದ್ದು ಎರಡೋ ಮೂರೋ ತಂತಿ. ಕತ್ತು ಹಿಡಿದುಕೊಂಡಿತು. ಕಪಾಟಿನ ತುಂಬ ನಿಂತಿದ್ದ ವಿಮಾನಗಳನ್ನು ನೋಡಿ, ಅವಳಿಗೆ ಎಷ್ಟು ಬೆಳಗು ಹಿಡಿದಿರಬೇಕು ಎಂದುಕೊಂಡ.

ಚಳಿಗಾಲ ಮುಗಿಯುವಷ್ಟರಲ್ಲಿ ತಂತಿಗಳೂ ಮುಗಿದವು. ಮೊದಲು ತೋರಿಸಿದ್ದು ಶಿರಾಯಿಗೆ. ಕೂದಲಿನ ವಿಷಯವನ್ನೂ ಆಗಲೇ ಹೇಳಿದ. ಶಿರಾಯಿ ಕನ್ನಡಕ ಏರಿಸಿ, ಒಂದು ಕಡೆಯಿಂದ ನೋಡಿ, ಸುತ್ತಿ ಬಂದು ಇನ್ನೊಂದು ಕಡೆಯಿಂದ ನೋಡಿದ.

"ಎಡಗಡೆ, ಕಂಬದ ಪಕ್ಕದ್ದು ಸಡಿಲ."

"ಗೊತ್ತು."

"ಬಿಚ್ಚಿ ಕಟ್ಟು."

"ಅದನ್ನ ಬಿಚ್ಚಿದ್ರೆ ಪಕ್ಕದ ಮೂರೂ ಹೋಗ್ತವೆ. ತಲೇಲಿ ಇನ್ನು ಏನಿದೆ ಹೇಳು?"

ಶಿರಾಯಿ ಅವನ ತಲೆ ನೋಡಿದ. "ಹೌದಲ್ಲ, ಗೋದಾಮು ಖಾಲಿ" ಎಂದ. ಆಮೇಲೆ ಬೇಡವೆಂದರೂ ಕೇಳದೆ ಕಪಾಟಿನ ವಿಮಾನಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಕತ್ತಲಾಗುವವರೆಗೆ ಕುಳಿತ.

ಮಾರನೆಯ ಬೆಳಗ್ಗೆ ಅನ್ನ ಬೆಂದ ಮೇಲೆ ತೋಕಿಜಿ ವಿಮಾನವನ್ನು ಬುದ್ಧಪೀಠದ ಮುಂದೆ ಇಟ್ಟ. ಮೊದಲ ಬಟ್ಟಲನ್ನು ಅದರ ಪಕ್ಕಕ್ಕೆ, ತಂತಿಗೆ ಬಿಸಿ ಹಬೆ ತಾಗದಷ್ಟು ದೂರದಲ್ಲಿ ಇರಿಸಿದ. ಎಡಗಡೆ ಒಂದು ಸಡಿಲವಾಗಿದೆ, ಅದನ್ನು ಬಿಟ್ಟರೆ ಮುಗಿಯಿತು ಎಂದು ಅವಳಿಗೆ ಹೇಳಿ, ಕೈಮುಗಿದು, ತನ್ನ ಬಟ್ಟಲಿಗೆ ಅನ್ನ ಬಡಿಸಿಕೊಂಡ.